ಆಣೆ ತಾಗದ ನಡುಹೊಳೆ

೧೯೫೬ನೇ ಇಸವಿ ಅಕ್ಟೋಬರ್ ೨೯, ಸೋಮವಾರ. ಬೆಳಿಗ್ಗೆ ಹರಿಹರದ ಠಾಣೆಗೆ ಬಂದ ದೂರಿನಂಥದ್ದನ್ನು ಸಬ್ ಇನ್ಸ್‌ಪೆಕ್ಟರ್ ವಾಮದೇವಪ್ಪನವರು ತಮ್ಮ ಇಷ್ಟು ವರ್ಷದ ಸರ್ವೀಸಿನಲ್ಲಿ ಕಂಡಿರಲಿಲ್ಲ. ದೂರು ತಂದವನು ನಂದಿಗುಡಿಯ ಬಕ್ಕೇಶಪ್ಪ. ಗದ್ದೆ, ಮನೆ, ಮಾತು ಮೂರೂ ದಂಡಿಯಾಗಿದ್ದ ಕುಳ. ಊರ ಹೊಳೆ ದಾಟಿಸುವ ದೋಣಿಯ ಗುತ್ತಿಗೆಯೂ ಅವನದೇ.

"ನನ್ನ ದೋಣಿ ಕಳುವಾಗ್ತೈತ್ರಿ ಸಾಹೇಬ್ರೆ."

"ಯಾವತ್ತು ಕಳುವಾತು?"

"ಎರಡು ದಿನಕ್ಕೊಂದ್ಸಲ ರಾತ್ರಿ ಆಗ್ತೈತೆ."

"ಈಗ ದೋಣಿ ಎಲ್ಲೈತೆ?"

"ದಂಡೇಲೇ ಐತೆ. ಬೆಳಗಾಗೋದ್ರೊಳಗೆ ವಾಪಸ್ ಬಂದಿರ್ತೈತೆ."

ಬಾಗಿಲ ಬಳಿ ನಿಂತಿದ್ದ ದಫೇದಾರ ಮಸ್ತಾನಸಾಬ್‌ಗೆ ಕೆಮ್ಮು ಬಂತು. ವಾಮದೇವಪ್ಪನವರು ನಗದೆ ಕೇಳಿದರು. "ವಾಪಸ್ ಬರೋದು ಕಳುವು ಹೆಂಗಾಗ್ತೈತೆ?"

"ಹಗ್ಗಕ್ಕೆ ನಾನು ಹಾಕೋ ಗಂಟೇ ಬ್ಯಾರೆ, ಬೆಳಿಗ್ಗೆ ಇರೋ ಗಂಟೇ ಬ್ಯಾರೆ. ಲಂಗರು ಕಲ್ಲು ಹಸಿಯಾಗಿರ್ತೈತೆ. ಇದು ಆಚೆ ದಂಡೆ ಬೊಂಬಾಯಿ ರಾಜ್ಯದೋರ ಕೆಲಸ. ಅಕ್ಕಿ ಸಾಗಿಸ್ತಾರೆ. ಎಫ್‌ಐಆರ್ ಹಾಕ್ರಿ."

ಹೊಳೆಯ ಈಚೆ ದಂಡೆ ಮೈಸೂರು ರಾಜ್ಯ, ಆಚೆ ದಂಡೆ ರಾಣೆಬೆನ್ನೂರು ತಾಲ್ಲೂಕು, ಮುಂಬಯಿ ರಾಜ್ಯ. ನಡುನೀರೇ ಗಡಿ. ಗುರುವಾರದಿಂದ ಎರಡೂ ದಂಡೆ ಒಂದೇ ರಾಜ್ಯವಾಗುವುದೆಂದು ಊರೂರಿನಲ್ಲಿ ತೋರಣ ಕಟ್ಟುತ್ತಿದ್ದರು. ಗುರುವಾರ ಸಂಜೆ ದಾವಣಗೆರೆಯ ಮೆರವಣಿಗೆಗೆ ವಾಮದೇವಪ್ಪನವರು ಬಂದೋಬಸ್ತಿಗೆ ಹೋಗಬೇಕಿತ್ತು. ಅಷ್ಟರೊಳಗೆ ಮುಗಿಸಿದರಾಯಿತೆಂದು ಎಫ್‌ಐಆರ್ ಬರೆಸಿದರು.

ಮಂಗಳವಾರ ಹತ್ತು ಗಂಟೆಗೆ ನಂದಿಗುಡಿಯ ದಂಡೆಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ದೋಣಿ ಚಿಕ್ಕದು, ಎಂಟು ಜನ ಕೂತರೆ ಒಂಬತ್ತನೆಯವನು ಕಾಯಬೇಕು. ಹಲಗೆಯ ಸಂದಿಯಲ್ಲಿ ಸಿಕ್ಕಿದ್ದು: ಒಣಗಿದ ಸೇವಂತಿಗೆ, ಹಸಿರು ಬಳೆಯ ಚೂರು, ಅರ್ಧ ಶೇಂಗಾ ಹೋಳಿಗೆ, ಕೆಂಪು ದಾರದ ಒಂದು ಎಳೆ. ಅಕ್ಕಿಯ ಕಾಳು ಒಂದೂ ಇಲ್ಲ.

"ಹೂ ಮುಡ್ಕೊಂಡು ಯಾರ್ ಸಾಹೇಬ್ರೆ ಅಕ್ಕಿ ಸಾಗಿಸ್ತಾರೆ?" ಎಂದ ಮಸ್ತಾನಸಾಬ್.

ಮಜ್ಜಿಗೆಗೆಂದು ಬಕ್ಕೇಶಪ್ಪನ ಮನೆಗೆ ಹೋದಾಗ ಹಿತ್ತಲಿನ ಹಗ್ಗದ ಮೇಲೆ ಕೌದಿ ಒಣಗುತ್ತಿತ್ತು. ಕೆಂಪು ದಾರದ ಹೊಲಿಗೆ. ವಾಮದೇವಪ್ಪನವರು ಮನೆಯೊಡತಿ ಮರುಳಸಿದ್ದಮ್ಮನನ್ನು ಕೇಳಿದರು.

"ಕೌದಿ ಹೆಂಗೆ ನೆಂದೈತೆ ತಾಯಿ?"

"ಮಳೆಗೆ."

"ಮಳೆ ಬಂದು ಹದಿನೈದು ದಿನ ಆತಲ್ಲ?"

"ಹಂಗಾರೆ ಇಬ್ಬನಿಗೆ. ನಮ್ಮ ಮನೇಲಿ ಯಾರೂ ಹೊಳೆ ಕಡೆ ಹೋಗಲ್ಲಪ್ಪಾ."

ಹೊಳೆಯ ಮಾತನ್ನು ಅವರು ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ಅಡಿಗೆಮನೆಯ ಬಾಗಿಲಲ್ಲಿ ಮಗಳು ಕಸ್ತೂರಮ್ಮ ನಿಂತಿದ್ದಳು, ಒಂದು ಕೈಯಲ್ಲಿ ಹಸಿರು ಬಳೆ ಒಂದು ಕಡಿಮೆ.

ಉಳಿದದ್ದನ್ನು ದಂಡೆಯಲ್ಲಿ ದೋಣಿ ನಡೆಸುವ ಭರಮಣ್ಣ ಬಾಯಿಬಿಟ್ಟ. ಕಸ್ತೂರಮ್ಮನನ್ನು ಹೋದ ವರ್ಷ ಆಚೆ ದಂಡೆಯ ಕರಿಬಸವರಾಜನಿಗೆ ಕೊಟ್ಟಿದ್ದರು. ನಾಗರಪಂಚಮಿಗೆ ತವರಿಗೆ ಬಂದವಳನ್ನು ಕರೆದೊಯ್ಯಲು ಅಳಿಯ ಬಂದ. ಊಟದೆಲೆಯ ಮುಂದೆ ಮಾವ ಅಳಿಯಂದಿರಿಗೆ ರಾಜ್ಯ ಒಂದಾಗುವ ಮಾತು ಬಂತು.

"ನಮ್ಮ ಧಣಿ, 'ನಮ್ಮ ಮೈಸೂರನ್ನ ತಿನ್ನಾಕೆ ಬರ್ತೀರಾ' ಅಂದ್ರು. ಅಳಿಯ ಎಲೆ ಬಿಟ್ಟು ಎದ್ದ. 'ಬಸವಣ್ಣನಾಣೆ, ಇನ್ನ ಮೈಸೂರ ರಾಜ್ಯದ ಮಣ್ಣು ತುಳಿಯೂದಿಲ್ಲ' ಅಂದ. ಇವರೂ ಸುಮ್ನಿರ್ಲಿಲ್ಲ, 'ನಂದಿಯಾಣೆ, ನನ್ನ ಮಗಳು ಮೈಸೂರು ರಾಜ್ಯ ದಾಟಿ ಬ್ಯಾರೆ ಮಣ್ಣು ತುಳಿಯಲ್ಲ' ಅಂದ್ರು."

"ಆಮೇಲೆ?"

"ಆಮೇಲೇನು? ದೀಪಾವಳಿಗೆ ಸೊಸೆ ಬರದಿದ್ರೆ ಬ್ಯಾರೆ ಸಂಬಂಧ ನೋಡ್ತೀವಿ ಅಂತ ಆಚೆ ದಂಡೆ ಹಿರೇರು ಹೇಳಿ ಕಳಿಸವ್ರೆ. ಅಮಾಸಿ ಶುಕ್ರವಾರ ಐತೆ."

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಮಾವ ಅಳಿಯನ ಜಗಳಕ್ಕೆ ಅಂಥ ಗಾದೆ ಯಾರೂ ಮಾಡಿಲ್ಲ. ಇಬ್ಬರ ಗಂಡಸ್ತಿಕೆಗೆ ಒಂದು ಹುಡುಗಿಯ ಸಂಸಾರ ಹೋಗುತ್ತದಲ್ಲ ಎಂದು ವಾಮದೇವಪ್ಪನವರಿಗೆ ಸಿಟ್ಟೇ ಬಂತು.

ಬುಧವಾರ ರಾತ್ರಿ ಒಂಬತ್ತೂವರೆ. ವಾಮದೇವಪ್ಪನವರೂ ಮಸ್ತಾನಸಾಬನೂ ಭರಮಣ್ಣನ ಹರಿಗೋಲಿನಲ್ಲಿ ಸದ್ದಿಲ್ಲದೆ ಹೊರಟರು. ಕತ್ತಲಲ್ಲಿ ದೋಣಿ ಕಾಣಿಸುವ ಮೊದಲೇ ನಗು ಕೇಳಿಸಿತು. ಹೆಣ್ಣು ಗಂಡು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ನಗು.

ಬ್ಯಾಟರಿ ಬೆಳಕಿನಲ್ಲಿ ಕಂಡದ್ದು ಕೌದಿ, ರೊಟ್ಟಿಯ ಬುಟ್ಟಿ, ಕಸ್ತೂರಮ್ಮ, ತಲೆಯಿಂದ ನೀರಿಳಿಯುತ್ತಿದ್ದ ಯುವಕ. ಮಗ್ಗುಲಲ್ಲಿ ಲಂಗರಿನ ಹಗ್ಗ ನೀರಿಗಿಳಿದಿತ್ತು.

"ಹರಿಹರ ಪೊಲೀಸ್. ದೋಣಿ ತಂದೋರು ಯಾರು?"

"ನಾನು" ಎಂದಳು ಕಸ್ತೂರಮ್ಮ. "ಇವರು ಆಚೆ ದಂಡೆಯಿಂದ ಈಜಿ ಬಂದ್ರು. ಅವರದ್ದೇನೂ ತಪ್ಪಿಲ್ಲ."

"ದಂಡೇಲೇ ಸಿಗಬಹುದಿತ್ತಲ್ಲ?"

"ಈಚೆ ದಂಡೆ ತುಳಿದ್ರೆ ಇವರ ಆಣೆ ಮುರೀತೈತೆ, ಆಚೆ ದಂಡೆ ಹತ್ತಿದ್ರೆ ಅಪ್ಪನ ಆಣೆ. ನೀರಿಗೆ ಯಾರೂ ಆಣೆ ಇಟ್ಟಿಲ್ಲ."

ಹಾವೂ ಸತ್ತಿರಲಿಲ್ಲ, ಕೋಲೂ ಮುರಿದಿರಲಿಲ್ಲ. ವಾಮದೇವಪ್ಪನವರು ಮನಸ್ಸಿನಲ್ಲೇ ಶಹಬಾಸ್ ಅಂದರು.

ಕರಿಬಸವರಾಜ ಎದೆ ಉಬ್ಬಿಸಿದ. "ಸಾಹೇಬ್ರ, ಲಂಗರು ಬಿದ್ದಿದ್ದು ನಡುನೀರಿನ ಆಚೆಗೆ ನೋಡ್ರಿ. ಇದು ಬೊಂಬಾಯಿ ಹದ್ದು. ಇಲ್ಲಿ ನಿಮ್ಮ ಅಧಿಕಾರ ನಡಿಯೂದಿಲ್ಲ."

ವಾಮದೇವಪ್ಪನವರು ಗಡಿಯಾರಕ್ಕೆ ಬೆಳಕು ಬಿಟ್ಟರು. "ಖರೆ. ಹನ್ನೆರಡು ಹೊಡೆಯೋ ತನಕ ನಡಿಯಲ್ಲ. ಅಲ್ಲೀ ತನಕ ನಾನು ಪೊಲೀಸಲ್ಲ." ಟೋಪಿ ತೆಗೆದು ದೋಣಿಗೆ ಹತ್ತಿ ಕೂತರು. "ಬುಟ್ಟೀಲಿ ಇನ್ನೂ ರೊಟ್ಟಿ ಐತೇನಮ್ಮ?"

ರೊಟ್ಟಿ ಇತ್ತು, ಎಣ್ಣೆಗಾಯಿ ಇತ್ತು, ಹರಿಗೋಲಿನಲ್ಲಿದ್ದವರಿಗೂ ಸಾಲುವಷ್ಟಿತ್ತು. ದೋಣಿ ಹಗ್ಗದ ಉದ್ದಕ್ಕೆ ಇತ್ತ ತಿರುಗಿ ಅತ್ತ ತಿರುಗಿ ನಿಲ್ಲುತ್ತಿತ್ತು, ಹಲಗೆಯ ಕೆಳಗೆ ನೀರು ಗುಳುಗುಳು ಎನ್ನುತ್ತಿತ್ತು. ಕರಿಬಸವರಾಜ ತನ್ನ ಊರಿನ ಶಾನುಭೋಗರು ಎಮ್ಮೆ ಕೊಂಡ ಕತೆ ಹೇಳಿದ. ಶಾನುಭೋಗರ ದನಿಯನ್ನೂ ಎಮ್ಮೆಯ ದನಿಯನ್ನೂ ಅವನು ಒಂದೇ ಥರ ಮಾಡಿದಾಗ ಮಸ್ತಾನಸಾಬನ ನಗುವಿಗೆ ಹರಿಗೋಲು ಮಗುಚುವುದರಲ್ಲಿತ್ತು. ವಾಮದೇವಪ್ಪನವರೂ ನಕ್ಕರು. ಖಾಕಿ ತೊಟ್ಟು ಇಷ್ಟು ನಕ್ಕದ್ದು ಯಾವಾಗಲೋ ಅವರಿಗೆ ನೆನಪಿರಲಿಲ್ಲ. ತುಂಬ ಸಂತೋಷವಾಯಿತು.

ಹನ್ನೆರಡಕ್ಕೆ ಎರಡೂ ದಂಡೆಯಲ್ಲಿ ಗರ್ನಾಲು ಹಾರಿದವು. ಆಚೆಯ ಜೈಕಾರ ಯಾವುದು, ಈಚೆಯದು ಯಾವುದು, ನಡುಹೊಳೆಯಲ್ಲಿ ಕೂತವರಿಗೆ ತಿಳಿಯಲಿಲ್ಲ. ವಾಮದೇವಪ್ಪನವರು ಎದ್ದು ಟೋಪಿ ಇಟ್ಟುಕೊಂಡರು.

"ಕಸ್ತೂರಮ್ಮ, ನಿಮ್ಮನ್ನ ದಸ್ತಗಿರಿ ಮಾಡೀನಿ. ರಾತ್ರಿ ಹೊತ್ತು ಹೆಂಗಸರನ್ನ ಠಾಣೆಗೆ ಒಯ್ಯಂಗಿಲ್ಲ. ಬೆಳಗಾಗೋ ತನಕ ಈ ದೋಣಿಯೇ ಠಾಣೆ. ನಾವು ಪಹರೆ ಇರ್ತೀವಿ."

ಹರಿಗೋಲನ್ನು ದೋಣಿಯ ಹಗ್ಗಕ್ಕೇ ಬಿಗಿದು ಮಾರು ದೂರದಲ್ಲಿ ತೇಲಿಬಿಟ್ಟರು. ಮೂವರೂ ದೋಣಿಗೆ ಬೆನ್ನು ಹಾಕಿ ಕೂತರು. ಮಸ್ತಾನಸಾಬನ ಗೊರಕೆಯಲ್ಲಿ ಆಮೇಲಿನ ಪಿಸುಮಾತು, ನಗು ಎಲ್ಲ ಮುಚ್ಚಿಹೋಯಿತು.

ನವೆಂಬರ್ ಒಂದು. ಬೆಳಗಿನ ಜಾವ ದಂಡೆಗೆ ಬಂದಾಗ ಬಕ್ಕೇಶಪ್ಪ ಕೋಲು ಹಿಡಿದು ನಿಂತಿದ್ದ, ಹಿಂದೆ ಮರುಳಸಿದ್ದಮ್ಮ.

"ಕಳ್ಳ ಸಿಕ್ಕನಾ?"

"ಕಳ್ಳಿ ಸಿಕ್ಕಳು."

ಮಗಳು ಇಳಿದಳು. ಬಕ್ಕೇಶಪ್ಪ ಕೋಲು ಕೆಳಗಿಟ್ಟ. ಅಳಿಯ ಮಾತ್ರ ದೋಣಿಯಲ್ಲೇ ಕೂತ. "ನಾ ಇಳಿಯೂದಿಲ್ಲ. ಆಣೆ ಐತಿ."

"ಯಾವ ಮಣ್ಣು ತುಳಿಯಲ್ಲ ಅಂದಿದ್ರಿ?" ವಾಮದೇವಪ್ಪನವರು ಕೇಳಿದರು.

"ಮೈಸೂರ ರಾಜ್ಯದ್ದು."

"ಹಂಗಾರೆ ನಿಮ್ಮೂರಿಗೂ ಹೋಗಂಗಿಲ್ಲ. ರಾತ್ರಿಯಿಂದ ನಿಮ್ಮೂರು, ನಿಮ್ಮನೆ, ನಿಮ್ಮ ದನದ ಕೊಟ್ಟಿಗೆ ಎಲ್ಲ ಮೈಸೂರು ರಾಜ್ಯ. ಸಾಯೋ ತನಕ ದೋಣೀಲೇ ಇರ್ತೀರೋ?"

ಕರಿಬಸವರಾಜ ತನ್ನ ಕಾಲನ್ನೊಮ್ಮೆ, ಆಚೆ ದಂಡೆಯನ್ನೊಮ್ಮೆ ನೋಡಿದ.

"ಬಕ್ಕೇಶಪ್ಪನೋರೆ, ನಿಮ್ಮ ಮಗಳು ಈಗ ಮೈಸೂರು ರಾಜ್ಯ ದಾಟಬೇಕು ಅಂದ್ರೆ ಬೆಳಗಾವಿ ಆಚೆಗೆ ಹೋಗಬೇಕು. ಹೊಳೆ ದಾಟಿದ್ರೆ ಆಣೆ ಮುರಿಯಲ್ಲ."

ಬಕ್ಕೇಶಪ್ಪ ಬಹಳ ಹೊತ್ತು ಲೆಕ್ಕ ಹಾಕಿದ. "ಅಂದ್ರೆ ಅಳಿಯ ನಮ್ಮ ರಾಜ್ಯಕ್ಕೆ ಬಂದಂಗಾತು."

"ಇಲ್ರೀ ಮಾವಾರ, ನಿಮ್ಮ ರಾಜ್ಯ ನಮ್ಮನಿ ಬಾಗಿಲಿಗೆ ಬಂದೈತಿ."

"ಇಬ್ರೂ ಬಾಯಿ ಮುಚ್ಕೊಂಡು ನಾಷ್ಟಾಕ್ಕೆ ಬರ್ರಿ" ಎಂದಳು ಮರುಳಸಿದ್ದಮ್ಮ. ಆ ಬೆಳಗಿನ ಕೊನೆಯ ಹುಕುಂ ಅದೇ ಆಯಿತು. ಅಳಿಯ ಇಳಿದ.

ಪಡಸಾಲೆಯಲ್ಲಿ ಬಕ್ಕೇಶಪ್ಪ ದೂರು ವಾಪಸ್ ತೆಗೆದುಕೊಂಡು ನಾಷ್ಟಾಕ್ಕೆ ಒಳಗೆ ಹೋದ. ಆದರೂ ಆರೋಪಿಯ ಹೇಳಿಕೆ ಬೇಕೇ ಬೇಕು. ವಾಮದೇವಪ್ಪನವರು ಮೆಲ್ಲಗೆ ಕೇಳಿದರು.

"ಗಂಡನ್ನ ನೋಡೋ ಆಸೆಗೆ ತಾನೆ ದೋಣಿ ಒಯ್ದಿದ್ದು?"

ಕಸ್ತೂರಮ್ಮ ತಲೆ ಬಗ್ಗಿಸಿದಳು. "ನೋಡಾಕೆ ಒಂದು ರಾತ್ರಿ ಸಾಕಾಗಿತ್ತು ಸಾಹೇಬ್ರೆ. ಆ ಮನೇಲಿ ಇಪ್ಪತ್ತಾರು ಜನ. ಮದುವ್ಯಾಗಿ ವರ್ಷ ಆದ್ರೂ ಅಲ್ಲಿ ನಾವು ಪಿಸುಗುಟ್ಟೇ ಮಾತಾಡಿದ್ದು. ಇವರ ಖರೆ ದನಿ ಹೆಂಗೈತೆ ಅಂತ ನನಗೆ ಗೊತ್ತಾಗಿದ್ದೇ ದೋಣಿ ಮ್ಯಾಲೆ. ಇವರು ಇಷ್ಟು ನಗಿಸ್ತಾರೆ ಅಂತಾನೂ ಗೊತ್ತಿರಲಿಲ್ಲ. ಜೋರಾಗಿ ನಗೋ ಆಸೆ ಆತು. ಅದಕ್ಕೇ ಮತ್ತೆ ಮತ್ತೆ ಹೋದೆ."

ಅವಳು ಹೇಳಿದ್ದನ್ನು ವಾಮದೇವಪ್ಪನವರು ಹೇಳಿದ ಹಾಗೇ ಬರೆದುಕೊಂಡರು. ಒಳಗೆ ತಟ್ಟೆಯ ಮುಂದೆ ಕೂತಿದ್ದ ಬಕ್ಕೇಶಪ್ಪನಿಗೂ ಅದು ಕೇಳಿಸಿತ್ತು. ತುತ್ತು ಕೈಯಲ್ಲೇ ಉಳಿದಿತ್ತು.

ಹಬ್ಬಕ್ಕೆ ಮೊದಲೇ ಮಗಳು ಗಂಡನ ಮನೆ ಸೇರಬೇಕೆಂದು ಹತ್ತು ಗಂಟೆಗೆ ಹೊರಡಿಸಿದರು. ಭರಮಣ್ಣನನ್ನು ಪಕ್ಕಕ್ಕೆ ಸರಿಸಿ ಬಕ್ಕೇಶಪ್ಪ ತಾನೇ ಹುಟ್ಟು ಹಿಡಿದ. ದಂಡೆಯಲ್ಲಿ ವಾಮದೇವಪ್ಪನವರು ದಾವಣಗೆರೆಯ ಬಸ್ಸಿಗೆ ಹೊತ್ತಾದರೂ ನಿಂತು ನೋಡಿದರು. ನಡುಹೊಳೆಯಲ್ಲಿ ದೋಣಿ ನಿಂತಿತು. ಬಕ್ಕೇಶಪ್ಪ ಬಗ್ಗಿ ಲಂಗರು ಕಲ್ಲನ್ನು ನೀರಿಗೆ ಬಿಟ್ಟು, ಅಳಿಯನ ಎದುರು ಕೂತ. ಅಳಿಯ ಏನೋ ಹೇಳತೊಡಗಿದ, ಮಾತು ದಂಡೆಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ನಗು ಕೇಳಿಸಿತು. ಎಲ್ಲಕ್ಕಿಂತ ಜೋರಾಗಿದ್ದದ್ದು ಬಕ್ಕೇಶಪ್ಪನದು.