ಎಂಟು ಗಂಟೆಯ ಉಂಗುರ

“ಉಂಗುರ ಕೂಡಿದ ದಿನ ಕಾಗದದ ಮೇಲೆ ನನ್ನ ಹೆಸರಿನ ಪಕ್ಕ ನಿನ್ನ ಹೆಸರೂ ಇರುತ್ತೆ” ಎಂದು ಹನ್ನೊಂದು ವರ್ಷದ ಹಿಂದೆ ಪ್ರೊಫೆಸರರು ಪ್ರಯೋಗಾಲಯದ ಸಹಾಯಕಿಗೆ ಮಾತು ಕೊಟ್ಟಿದ್ದರು. ಅದು ಬೆರಳಿಗೆ ತೊಡುವ ಉಂಗುರವಲ್ಲ. ಬಳೆಯಂತೆ ಸುತ್ತಿಕೊಂಡು, ನಡುವೆ ತಾಮ್ರವನ್ನು ಕಚ್ಚಿ ಹಿಡಿದು, ಆಮ್ಲ ಸುರಿದರೂ ಬಿಡದ ಅಣು.

ಇನ್ಸ್‌ಪೆಕ್ಟರಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಹದಿನಾಲ್ಕನೇ ತಾರೀಕು ಬೆಳಿಗ್ಗೆ 9.20ಕ್ಕೆ ಪ್ರೊಫೆಸರರು ಠಾಣೆಗೆ ಬಂದು, ಆ ಅಣುವಿನ ನೇರಳೆ ಹರಳಿನ ಸೀಸೆ ಕಳುವಾಗಿದೆಯೆಂದು ದೂರು ಕೊಟ್ಟರು. ಮರುದಿನ ಅದಕ್ಕೇ ಅವರಿಗೆ ಪ್ರಶಸ್ತಿ. ಎಫ್‌ಐಆರ್ ದಾಖಲಾಯಿತು.

10.05ಕ್ಕೆ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ. ಹಿಂದಿನ ಸಂಜೆ ಪ್ರೊಫೆಸರರು ಕೊಳಕಾಗಿಯೇ ಬಿಟ್ಟುಹೋಗಿದ್ದ ಗಾಜಿನ ಪಾತ್ರೆಗಳು ತೊಳೆಸಿಕೊಂಡು, ಫಳಫಳ ಹೊಳೆಯುತ್ತ ಬೋರಲು ಕೂತಿದ್ದವು.

“ಇಂಥ ಕಳ್ಳ ನಮ್ಮನೆಗೂ ಬರ್ಲಿ ಮೇಡಂ” ಎಂದ ಪೇದೆ.

ಕೈಗಂಟಿದ ಅಭ್ಯಾಸ ಕಳವಿಗೆ ಬಂದರೂ ಬಿಡದು ಎಂದುಕೊಂಡರು ಇನ್ಸ್‌ಪೆಕ್ಟರಮ್ಮ. ಪ್ರೊಫೆಸರರ ಕಡೆ ತಿರುಗಿದರು.

“ಆ ಹರಳನ್ನ ಹೇಗೆ ಮಾಡ್ತೀರಿ?”

“ಎರಡು ದ್ರಾವಣ ಸುರಿದು ಕಲಸಿದ್ರಾಯ್ತು. ಹತ್ತು ನಿಮಿಷ.”

ಮೂಲೆಯಲ್ಲಿದ್ದ ಸಹಾಯಕಿ ಫಕ್ಕನೆ ನಕ್ಕಳು.

“ಯಾಕಮ್ಮ ನಗು?”

“ಸುರಿದ್ರೆ ಬರೀ ಅಂಟು ಮೇಡಂ. ಒಂದು ಅಣುವಿನ ಬಾಲ ಇನ್ನೊಂದು ಹಿಡ್ಕೊಂಡು ಸರಪಳಿ ಆಗುತ್ತೆ. ತೆಳ್ಳಗೆ ಮಾಡಿ, ತೊಟ್ಟು ತೊಟ್ಟಾಗಿ ಎಂಟು ಗಂಟೆ ಬಿಟ್ರೆ ತನ್ನ ಬಾಲ ತಾನೇ ಹಿಡ್ಕೊಂಡು ಉಂಗುರ ಆಗುತ್ತೆ. ನಾಲ್ಕು ವರ್ಷ ಕೂತು ಕಂಡ್ಕೊಂಡಿದ್ದೀನಿ.”

“ಹೌದೇ ಸಾರ್?”

ಪ್ರೊಫೆಸರರು ಕನ್ನಡಕ ಒರೆಸತೊಡಗಿದರು.

“ಪಾತ್ರೆ ತೊಳೆದಿದ್ದು ಯಾರಮ್ಮ?”

“ನಾನೇ. ಕೊಳಕು ಗಾಜು ಕಂಡ್ರೆ ಕೈ ಸುಮ್ನಿರಲ್ಲ.” ಊಟದ ಚೀಲದಿಂದ ಸೀಸೆ ತೆಗೆದು ಮೇಜಿನ ಮೇಲೆ ಕುಕ್ಕಿದಳು.

“ಉಂಡ ಮನೆಗೇ ಕನ್ನ ಹಾಕಿದ್ಯಲ್ಲೇ!” ಎಂದರು ಪ್ರೊಫೆಸರರು.

“ಅಡುಗೆ ನಂದು ಸಾರ್. ಉಂಡಿದ್ದು ನೀವು.”

“ಕೆಲಸ ಹೋಗುತ್ತಮ್ಮ” ಎಂದರು ಇನ್ಸ್‌ಪೆಕ್ಟರಮ್ಮ. “ತಪ್ಪಾಯ್ತು ಅಂದ್ರೆ ಸಾಹೇಬ್ರು ಕರಗಬಹುದು.”

“ಅನ್ನಲ್ಲ. ಕದ್ದೆ ಅಂತ ಬರೀರಿ. ಮಾಡಿದ್ದು ಯಾರು ಅಂತಾನೂ ಬರೀರಿ.”

11.40ಕ್ಕೆ ಬಂಧನ. ಕಳವಿನ ಕಾರಣ ಪ್ರಯೋಗಾಲಯದ ಗೋಡೆಯ ಮೇಲೇ ಇತ್ತು: ಪ್ರಶಸ್ತಿಯ ಆಹ್ವಾನ ಪತ್ರಿಕೆ, ಅದರಲ್ಲಿ ಒಂದೇ ಹೆಸರು.

ಜಪ್ತಿ ಪಂಚನಾಮೆಯಲ್ಲಿ ಇನ್ಸ್‌ಪೆಕ್ಟರಮ್ಮ ಬರೆದರು: “ನೇರಳೆ ಹರಳು, ಒಂದು ಸೀಸೆ. ತಯಾರಿಸಿದ್ದು ತಾನೇ ಎಂದು ಆರೋಪಿಯ ಹೇಳಿಕೆ. ದೂರುದಾರರು ಅಲ್ಲಗಳೆದಿಲ್ಲ.” ಕೆಳಗೆ ಪ್ರೊಫೆಸರರದೂ ಸಹಾಯಕಿಯದೂ ರುಜು, ಅಕ್ಕಪಕ್ಕ. ಅವಳು ತನ್ನ ಹೆಸರನ್ನು ದೊಡ್ಡದಾಗಿ ಬರೆದಳು.

ಪ್ರೊಫೆಸರರು ಉಳಿಸಿಕೊಳ್ಳದ ಮಾತನ್ನು ಪೊಲೀಸರ ಕಾಗದ ಉಳಿಸಿತು.