ಲೋಹಕಂಠನ ಗೋಡೆಯ ಹತಾರಗಳು

ಬಲು ಹಿಂದೆ, ಕಬ್ಬಿಣಕ್ಕೂ ಕಿವಿಯಿದ್ದ ಕಾಲದಲ್ಲಿ, ಗಂಧವತಿ ಎಂಬ ರಾಜ್ಯವಿತ್ತು. ಅಲ್ಲಿನ ಬಡಗಿಗಳು ಮಾಡಿದ ತೊಟ್ಟಿಲಲ್ಲಿ ಮಲಗಿದ ಕೂಸು ಅಳುತ್ತಿರಲಿಲ್ಲ, ಅವರು ನಿಲ್ಲಿಸಿದ ಬಾಗಿಲು ಕಿರುಗುಟ್ಟುತ್ತಿರಲಿಲ್ಲ. ಆ ರಾಜ್ಯದ ಅಂಚಿನಲ್ಲಿ ಕರಿಹೊಳೆ, ಕರಿಹೊಳೆಯ ನಡುಗಡ್ಡೆಯಲ್ಲಿ ಲೋಹಕಂಠ ಎಂಬ ಮಾಂತ್ರಿಕನ ಮನೆ.

ಲೋಹಕಂಠನಿಗೊಂದು ಹುಚ್ಚಿತ್ತು. ಮನೆಯಲ್ಲೇ ಕೆಲಸದ ಚಾವಡಿ ಕಟ್ಟಿಕೊಂಡು ತನ್ನ ಸಿಂಹಾಸನವನ್ನು ತಾನೇ ಮಾಡಿಕೊಳ್ಳಬೇಕು ಎಂಬ ಹುಚ್ಚು. ಕಲಿಯುವ ತಾಳ್ಮೆ ಮಾತ್ರ ಎಳ್ಳಷ್ಟೂ ಇರಲಿಲ್ಲ. ಹಲಗೆ ಕೊಯ್ದರೆ ಸೊಟ್ಟ, ಮೊಳೆ ಹೊಡೆದರೆ ಹೆಬ್ಬೆರಳಿಗೆ ಏಟು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಹತಾರ ಸರಿಯಿಲ್ಲ ಎಂದ. ದೇಶದೇಶದಿಂದ ಉಳಿ, ಬಾಚಿ, ಗರಗಸ ತರಿಸಿದ. ಹಲಗೆ ಮತ್ತೂ ಸೊಟ್ಟವೇ ಆಯಿತು. ಕೊನೆಗೆ ಅವನ ತಲೆಗೆ ಕೆಟ್ಟ ಯೋಚನೆಯೊಂದು ಹೊಳೆಯಿತು. ಕೆಲಸ ಬಲ್ಲವರನ್ನೇ ಹಿಡಿದು ಹತಾರ ಮಾಡಿಬಿಟ್ಟರೆ? ಒಬ್ಬೊಬ್ಬ ಬಡಗಿಯನ್ನೇ ಎತ್ತಿಕೊಂಡು ಹೋಗಿ ಮಂತ್ರ ಹಾಕಿದ. ಒಬ್ಬ ಉಳಿಯಾದ, ಒಬ್ಬ ಬಾಚಿಯಾದ, ಮತ್ತೊಬ್ಬ ಬೈರಿಗೆಯಾದ. ಅವನ ಕೈಯಲ್ಲಿ ಆ ಹತಾರಗಳು ತಮ್ಮ ತಮ್ಮ ಹಳೆಯ ರೀತಿಯಲ್ಲೇ ತಾವಾಗಿ ಕೆಲಸ ಮಾಡುತ್ತಿದ್ದವು. ಗೋಡೆ ತುಂಬಿತು, ರಾಜ್ಯ ಬರಿದಾಯಿತು.

ಆ ರಾಜ್ಯದಲ್ಲಿ ಬಡಗಿಯೊಬ್ಬನ ಮಗಳು, ಚಂದಲೆ ಎಂಬವಳಿದ್ದಳು. ತಾಯಿತಂದೆ ತೀರಿಹೋದ ಮೇಲೆ ತಮ್ಮ ಚಾವೋಜನನ್ನು ಸಾಕಿದವಳು ಅವಳೇ, ಅವನಿಗೆ ಕೆಲಸ ಕಲಿಸಿದವಳೂ ಅವಳೇ. ಹೊನ್ನೆ ಮರ ನೋಡಿ ಬರುತ್ತೇನೆಂದು ಹೋದ ಚಾವೋಜ ಮನೆಗೆ ಬರಲಿಲ್ಲ. ಅವನ ಬುತ್ತಿಗಂಟು ಕರಿಹೊಳೆಯ ದಡದಲ್ಲಿ ಸಿಕ್ಕಿತು. ರೊಟ್ಟಿ ಇನ್ನೂ ಮೆತ್ತಗಿತ್ತು.

ಚಂದಲೆ ಅಳುತ್ತ ಕೂರಲಿಲ್ಲ. ಸಾಣೆಕಲ್ಲು, ಅರ, ಒಂದು ಉಂಡೆ ಹುಣಸೆಹಣ್ಣು, ಒಂದು ಕುಡಿಕೆ ಎಣ್ಣೆ ಚೀಲಕ್ಕೆ ಹಾಕಿಕೊಂಡು ಹೊರಟಳು.

ಹೊಳೆಯಲ್ಲಿ ಲೋಹಕಂಠನ ಮೊಸಳೆ ಕಾವಲಿತ್ತು. ಅದರ ಹಲ್ಲು ಗರಗಸದ ಹಲ್ಲು. ನೀರಲ್ಲೇ ಇದ್ದು ತುಕ್ಕು ಹಿಡಿದು, ಅಗಿದದ್ದೆಲ್ಲ ಸಿಕ್ಕಿಕೊಂಡು, ದವಡೆ ಊದಿತ್ತು.

"ನಿನ್ನನ್ನು ತಿನ್ನುತ್ತೇನೆ," ಎಂದಿತು ಮೊಸಳೆ.

"ಈ ಮೊಂಡು ಹಲ್ಲಲ್ಲಿ ತಿಂದರೆ ನಿನಗೂ ನೋವು, ನನಗೂ ನೋವು. ಬಾಯಿ ತೆರೆ, ಮಸೆದುಕೊಡುತ್ತೇನೆ," ಎಂದಳು ಚಂದಲೆ.

ಮೊಸಳೆ ಬಾಯಿ ತೆರೆಯಿತು. ಅವಳು ಮೊಣಕೈವರೆಗೆ ಒಳಗೆ ಕೈಹಾಕಿ ಒಂದೊಂದೇ ಹಲ್ಲನ್ನು ಅರದಿಂದ ಉಜ್ಜಿದಳು. ಹಲ್ಲು ಚೂಪಾದಷ್ಟೂ ಮೊಸಳೆಯ ಕಣ್ಣಲ್ಲಿ ಹಸಿವು ಹೆಚ್ಚುತ್ತಿತ್ತು. ಅವಳು ಅರವನ್ನು ಇನ್ನೂ ಬೇಗ ಆಡಿಸಿದಳು. ಕೊನೆಯ ಹಲ್ಲು ಮುಗಿದದ್ದೇ ಕೈ ಎಳೆದುಕೊಂಡು, "ಮಸೆದ ಗರಗಸ ಮೊದಲು ಮರ ಕಾಣಬೇಕು. ಹಸಿ ಮಾಂಸಕ್ಕೆ ಹಾಕಿದರೆ ಮತ್ತೆ ತುಕ್ಕು," ಎಂದು ದಡದ ದಿಮ್ಮಿಯೊಂದನ್ನು ತೋರಿಸಿದಳು. ಮೊಸಳೆಗೆ ದವಡೆನೋವು ಮರೆತಿರಲಿಲ್ಲ. ಅದು ದಿಮ್ಮಿಯನ್ನು ಪರಪರನೆ ಕೊಯ್ಯುತ್ತಿರುವಾಗ ಚಂದಲೆ ಹೊಳೆ ಈಜಿ ದಾಟಿದಳು.

ಲೋಹಕಂಠ ಬಾಗಿಲಲ್ಲೇ ನಿಂತಿದ್ದ. ಅವನ ಕುತ್ತಿಗೆ ಕಬ್ಬಿಣದ್ದು. ತಿರುಗಿದಾಗಲೆಲ್ಲ ಕೀರ್ ಎನ್ನುತ್ತಿತ್ತು. ಅವನ ಹಿಂದೆ ಉದ್ದನೆಯ ಚಾವಡಿ, ನಡುವೆ ಉರಿಯುವ ಕುಲುಮೆ, ಗೋಡೆಯ ತುಂಬ ಹತಾರ.

"ತಮ್ಮನಿಗಾಗಿ ಬಂದೆಯಾ? ಬರುವವರೆಲ್ಲ ಹಾಗೇ ಬರುತ್ತಾರೆ. ಕೇಳು ಹುಡುಗಿ. ನನ್ನ ಹತಾರಗಳು ಬೇಗ ತುಕ್ಕು ಹಿಡಿಯುತ್ತವೆ. ಒಳಗೇ ಅಳುತ್ತವೆಯಲ್ಲ, ಅದಕ್ಕೆ. ಮೊದಲು ಒಂದನ್ನು ಹೊಸದರಂತೆ ಮಾಡಿಕೊಡು. ನನಗೆ ಮೆಚ್ಚಿಗೆಯಾದರೆ ಆಮೇಲೆ ಗೋಡೆಯಿಂದ ಒಂದನ್ನು ಆರಿಸು. ಮುಟ್ಟಿದ್ದೇ ಆರಿಸಿದ್ದು. ಅದು ನಿನ್ನ ತಮ್ಮನಾದರೆ ಇಬ್ಬರೂ ಹೋಗಬಹುದು. ಅಲ್ಲವಾದರೆ ನೀನೂ ಗೋಡೆಯ ಮೇಲೆ. ಈ ಮಾತಿಗೆ ತಪ್ಪಿದರೆ ನನ್ನ ಮಂತ್ರ ನನ್ನನ್ನೇ ಹಿಡಿಯಲಿ."

ಅವನು ಕೊಟ್ಟದ್ದು ತುಕ್ಕು ಹಿಡಿದ ಒಂದು ಬಾಚಿ. ಚಂದಲೆ ಅದನ್ನು ತೊಡೆಯ ಮೇಲಿಟ್ಟುಕೊಂಡಾಗ ಒಳಗಿನಿಂದ ಮುದುಕನೊಬ್ಬನ ದನಿ ಸಣ್ಣಗೆ ಕೇಳಿಸಿತು. "ಕೇತಲೆ, ಮಗಳೇ ಕೇತಲೆ," ಎಂದು ಅದು ಹಂಬಲಿಸುತ್ತಿತ್ತು.

ಚಂದಲೆ ಹುಣಸೆಹಣ್ಣು ಹಚ್ಚಿ ತುಕ್ಕು ಬಿಡಿಸಿದಳು. ಸಾಣೆಕಲ್ಲಿನ ಮೇಲೆ ಅಂಚು ಹಿಡಿದಳು. ಬಾಚಿಯ ಬಾಯಿ ಬೆಳ್ಳಗೆ ಹರಿತವಾಯಿತು. ಮಾಂತ್ರಿಕ ಪಕ್ಕದಲ್ಲೇ ನಿಂತು ಕೀರ್ ಎಂದು ಬಗ್ಗಿ ನೋಡುತ್ತಿದ್ದ. ಭಯಕ್ಕೆ ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಚಾವಡಿಯಲ್ಲಿ ಬಿದ್ದಿದ್ದ ಗಾಜಿನ ಚೂರಿನಿಂದ ಹಿಡಿಯನ್ನೂ ಹೆರೆದಳು. ವರ್ಷಗಟ್ಟಲೆ ಹಿಡಿದು ಹಿಡಿದು ಕಪ್ಪಾಗಿದ್ದ ಮರ, ಬೆರಳು ಕೂರುವ ತಗ್ಗು, ಹೆಬ್ಬೆರಳ ಗುರುತು, ಎಲ್ಲವೂ ಚಕ್ಕೆಯಾಗಿ ಉದುರಿ ಹೊಸ ಮರ ಮೇಲೆ ಬಂತು. ಎಣ್ಣೆ ಹಚ್ಚಿದ್ದೇ ಫಳಫಳ ಹೊಳೆಯಿತು.

ಆಗ ಒಳಗಿನ ದನಿ ಕೇಳಿತು, "ಅಮ್ಮಾ, ನಾನು ಯಾರು?"

ಮುದುಕನ ನೆನಪೆಲ್ಲ ಆ ಹಿಡಿಯ ಕಪ್ಪಿನಲ್ಲೇ ಇತ್ತು. ತುಕ್ಕು ತೆಗೆಯಲು ಹೋಗಿ ಮನುಷ್ಯನನ್ನೇ ಹೆರೆದುಬಿಟ್ಟಿದ್ದಳು. ಅವಳು ಕೇತಲೆ, ಕೇತಲೆ ಎಂದು ಬಾಚಿಯ ಕಿವಿಯಲ್ಲಿ ಹೇಳಿದಳು. ಬಾಚಿಗೆ ಆ ಹೆಸರು ಯಾರದೋ ಆಗಿಹೋಗಿತ್ತು.

"ಭಲೆ, ಹೀಗಿರಬೇಕು," ಎಂದು ಲೋಹಕಂಠ ಅದನ್ನು ಕಿತ್ತುಕೊಂಡ. "ಅಳುವೂ ನಿಂತಿತು. ನಿನ್ನನ್ನು ಕಳಿಸುವುದೇ ನಷ್ಟ. ಹೋಗಲಿ, ಈಗ ಆರಿಸು."

ಚಂದಲೆ ಗೋಡೆಯ ಮುಂದೆ ನಿಂತಳು. ಲೋಹಕಂಠ ಬೆರಳಾಡಿಸಿ ಹತಾರಗಳ ಬಾಯಿ ಕಟ್ಟಿದ. ಒಂದೂ ಪಿಸುಗುಡಲಿಲ್ಲ. ಕಣ್ಣಿಗೆ ಎಲ್ಲವೂ ಒಂದೇ, ಕಬ್ಬಿಣ ಮತ್ತು ಮರ. ಮುಟ್ಟಿ ನೋಡುವ ಹಾಗಿಲ್ಲ, ಕೇಳುವ ಹಾಗಿಲ್ಲ. ಅವಳು ತಮ್ಮನ ಮುಖ ನೆನೆದಳು, ಮುಖದಿಂದ ಪ್ರಯೋಜನವಿರಲಿಲ್ಲ. ಅವನ ಕೈ ನೆನೆದಳು. ಆಗ ದಾರಿ ಕಂಡಿತು.

"ಸ್ವಾಮಿ, ನೋಡಿ ಆರಿಸುವವನು ಗಿರಾಕಿ. ಮರಕ್ಕೆ ಹಾಕಿ ಆರಿಸುವವನು ಬಡಗಿ. ನನಗೆ ಮುಟ್ಟಲಿಕ್ಕಿಲ್ಲ, ಸರಿ. ತಾವೇ ಒಂದೊಂದರಿಂದ ಈ ಹಲಗೆಯಲ್ಲಿ ಒಂದು ಉದ್ದನೆಯ ತೂತು ತೆಗೆಯಿರಿ. ತಮ್ಮ ಕೈಚಳಕ ನೋಡಿದ ಹಾಗೂ ಆಯಿತು," ಎಂದಳು.

ಹೊಗಳಿಕೆಗೆ ಸೋಲದವರುಂಟೇ? ಲೋಹಕಂಠ ತೋಳು ಮೇಲೇರಿಸಿದ. ಒಂದು ಉಳಿ ತೆಗೆದು ಕೊಡತಿಯಿಂದ ಹೊಡೆದ. ಉಳಿ ಎಡತುದಿಯಿಂದ ಶುರುಮಾಡಿ ಬಲತುದಿಗೆ ನೇರವಾಗಿ ಹೋಯಿತು. ಇನ್ನೊಂದು ತೆಗೆದ. ಅದೂ ಎಡದಿಂದ ಬಲಕ್ಕೆ. ಗಂಧವತಿಯಲ್ಲಿ ಎಲ್ಲರೂ ಕಲಿತದ್ದು ಹಾಗೆಯೇ. ಚಂದಲೆ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಮತ್ತೊಂದು ಉಳಿ ಬಂತು. ಅಗಲ ಬಾಯಿ, ಹಿಡಿಯ ತುಂಬ ತುಕ್ಕಿನ ಕಲೆ. ಲೋಹಕಂಠ ಅದನ್ನು ಎಡತುದಿಯಲ್ಲಿಟ್ಟು ಕೊಡತಿ ಎತ್ತಿದ. ಉಳಿ ತಾನಾಗಿ ಜಾರಿ ಬಲತುದಿಗೆ ಹೋಗಿ ಅಲ್ಲಿಂದ ಶುರುಮಾಡಿತು.

ಇಡೀ ರಾಜ್ಯದಲ್ಲಿ ಹಾಗೆ ತಪ್ಪು ಕಲಿತವನು ಒಬ್ಬನೇ. ಚಂದಲೆ ಕಲಿಸುವಾಗ ಚಾವೋಜ ಅವಳ ಪಕ್ಕದಲ್ಲಿ ಕೂರುತ್ತಿರಲಿಲ್ಲ. ಅಕ್ಕನ ಮುಖ ಕಾಣಬೇಕೆಂದು ಎದುರಿಗೆ ಕೂರುತ್ತಿದ್ದ. ಅವಳ ಎಡ ಅವನಿಗೆ ಬಲವಾಗಿ ಕಂಡಿತು, ಹಾಗೇ ಕೈಗೆ ಹತ್ತಿತು. ಎಷ್ಟು ಬೈದರೂ ತಿದ್ದಿಕೊಳ್ಳಲಿಲ್ಲ.

ಚಂದಲೆ ಬಿಗಿಹಿಡಿದ ಉಸಿರು ತಾನಾಗಿ ಹೊರಬಂತು. ಲೋಹಕಂಠನ ಕುತ್ತಿಗೆ ಕೀರ್ ಎಂದು ಅವಳತ್ತ ತಿರುಗಿತು.

"ಓಹೋ, ಇದೋ? ಹುಡುಗಿ, ಹೋಗಬಹುದು ಅಂದೆ, ಉಳಿಸುತ್ತೇನೆ ಅನ್ನಲಿಲ್ಲ. ಸೊಟ್ಟ ಕೆಲಸದ ಉಳಿ ನನಗೇಕೆ?" ಎಂದವನೇ ಅದನ್ನು ಕುಲುಮೆಗೆ ಎಸೆದ.

ಕೆಂಡದ ನಡುವೆ ಉಳಿಯ ಹಿಡಿ ಹೊತ್ತಿಕೊಂಡಿತು. ಕಪ್ಪಾದ ಮರ, ಬೆರಳ ತಗ್ಗು, ಅವನ ನೆನಪೆಲ್ಲ ಉರಿಯತೊಡಗಿತು. ಇಕ್ಕಳ ಹುಡುಕಲು ಹೊತ್ತಿರಲಿಲ್ಲ. ಚಂದಲೆ ಬಲಗೈಯನ್ನೇ ಬೆಂಕಿಗೆ ಹಾಕಿದಳು. ಕಾದ ಕಬ್ಬಿಣ ಅಂಗೈಗೆ ಅಂಟಿ ಚುರ್ ಎಂದಿತು. ಅವಳು ಬಿಡಲಿಲ್ಲ. ಹೊರಗೆಳೆದು ಎದೆಗವಚಿಕೊಂಡು, "ಇದನ್ನೇ ಆರಿಸಿದೆ. ಇವನೇ ನನ್ನ ತಮ್ಮ," ಎಂದಳು.

ಉಳಿ ಮಾಯವಾಯಿತು. ಅವಳ ಸುಟ್ಟ ಕೈಯಲ್ಲಿ ಚಾವೋಜನ ಕೈಯಿತ್ತು.

"ಅಕ್ಕಾ," ಎಂದ ಅವನು.

ಲೋಹಕಂಠ ಸಿಟ್ಟಿನಿಂದ ಹಲ್ಲು ಕಡಿದು, "ಇಬ್ಬರೂ ಗೋಡೆಗೆ," ಎಂದು ಮಂತ್ರ ಹೇಳಿದ. ತಾನಾಡಿದ ಮಾತಿಗೇ ಅವನು ತಪ್ಪಿದ್ದ. ಮಂತ್ರ ಅರ್ಧ ದಾರಿ ಹೋಗಿ ಹಿಂದೆ ತಿರುಗಿತು, ಅವನ ಕಬ್ಬಿಣದ ಕುತ್ತಿಗೆ ಹಿಡಿಯಿತು. ಠಣ್ ಎಂದು ನೆಲಕ್ಕೊಂದು ಉಳಿ ಬಿತ್ತು. ಒಳಗೆ ಯಾವ ಕಸುಬೂ ಇರಲಿಲ್ಲವಾದ್ದರಿಂದ ಅದಕ್ಕೆ ಬಾಯಿಯೇ ಇರಲಿಲ್ಲ, ಬರೀ ಮೊಂಡು. ಗೋಡೆಯಿಂದ ಒಬ್ಬೊಬ್ಬರಾಗಿ ಬಡಗಿಗಳು ಇಳಿದು, ಕೈಕಾಲು ಕೊಡವಿಕೊಂಡು ಅತ್ತರು, ನಕ್ಕರು.

ಹೆಸರು ಮರೆತ ಮುದುಕನ ಊರನ್ನು ಬೇರೆ ಬಡಗಿಗಳಿಂದ ತಿಳಿದು, ಚಂದಲೆ ತಾನೇ ಅವನನ್ನು ಅಲ್ಲಿಗೆ ಕರೆದೊಯ್ದಳು. ಮಗಳು ಕೇತಲೆಯ ಮುಂದೆ ತಪ್ಪು ಒಪ್ಪಿಕೊಂಡು ಕಾಲಿಗೆ ಬಿದ್ದಳು. ಕೇತಲೆ ಅಪ್ಪನನ್ನು ಒಳಗೆ ಕೂರಿಸಿ, ತಾನು ಹುಟ್ಟಿದಂದಿನಿಂದ ನಡೆದದ್ದನ್ನೆಲ್ಲ ಕತೆಯ ಹಾಗೆ ಹೇಳತೊಡಗಿದಳು. ಕೇಳುತ್ತ ಕೇಳುತ್ತ ಮುದುಕ ಒಂದು ದಿನ, ಅವಳು ಬಿಟ್ಟ ಮಾತೊಂದನ್ನು ತಾನೇ ಸೇರಿಸಿದ.

ಗಂಧವತಿಯಲ್ಲಿ ಮತ್ತೆ ತೊಟ್ಟಿಲು ತೂಗಿದವು, ಜನ ಸುಖವಾಗಿದ್ದರು. ಚಂದಲೆಯ ಬಲಗೈ ಮಾತ್ರ ಮತ್ತೆ ಉಳಿ ಹಿಡಿಯಲಿಲ್ಲ. ಅವಳು ಎಡಗೈಯಲ್ಲಿ ಮೊದಲಿನಿಂದ ಕಲಿಯಬೇಕಾಯಿತು. ಕಲಿಸುವ ತಮ್ಮನ ಪಕ್ಕದಲ್ಲಿ ಕೂತರೆ ಏನೂ ಕೈಗೆ ಹತ್ತುತ್ತಿರಲಿಲ್ಲ. ಕೊನೆಗೆ ಚಾವೋಜ ಹಲಗೆ ನಡುವೆ ಇಟ್ಟು, "ಇಲ್ಲಿ ಬಾ ಅಕ್ಕಾ, ನನ್ನ ಎದುರಿಗೆ ಕೂತುಕೋ," ಎಂದ. ಅವನ ಬಲಗೈ ಹೋದ ಕಡೆಗೇ ಅವಳ ಎಡಗೈ ಹೋಯಿತು. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡುತ್ತ, ಒಂದೇ ತುದಿಯಿಂದ ಶುರುಮಾಡಿದರು.