ತಣ್ಣಗಾದ ಬಾಟಲಿ

"ಇದ್ಯಾಕ ಇಷ್ಟು ತಣ್ಣಗ ಐತಿ?" ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಲ್ಯಾಬಿನ ಮಂಜುಳಾ ಮೇಡಂ ಕೇಳಿದರು.

ಸಪ್ನಾ ಒದ್ದೆಯಾದ ಫ್ರಾಕಿನ ಅಂಚನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಅವಳ ಅಪ್ಪ ಭೀಮಶಿ, "ಬೈಕ್ ಮ್ಯಾಲೆ ಬಂದೇವ್ರಿ. ಗಾಳಿಗೆ ಆಗಿರಬೇಕು" ಎಂದ.

"ಇಂಥಾ ಬಿಸಲಾಗ ಗಾಳಿಗೆ ಹಿಂಗ ಆಗೂದಿಲ್ರಿ ಅಣ್ಣಾರ."

ಬಾಟಲಿಯಲ್ಲಿ ಇದ್ದದ್ದು ಸಾಗರನ ರಕ್ತ. ಸಪ್ನಾಳ ತಮ್ಮ ಸಾಗರ ರಾಮದುರ್ಗದ ಆಸ್ಪತ್ರೆಯಲ್ಲಿ ಜ್ವರ ಬಂದು ಮಲಗಿದ್ದ. ನಿನ್ನೆಯಿಂದ ಅಕ್ಕನ ಗುರುತೂ ಅವನಿಗೆ ಸರಿಯಾಗಿ ಹತ್ತುತ್ತಿರಲಿಲ್ಲ. ಮೊದಲ ಇಂಜೆಕ್ಷನ್ ಕೊಡುವ ಮುಂಚೆ ಡಾಕ್ಟರು ಅವನ ರಕ್ತ ತೆಗೆದು ಈ ಬಾಟಲಿಗೆ ತುಂಬಿದ್ದರು. "ಇದರಾಗ ಬ್ಯಾಕ್ಟೀರಿಯಾ ಇರಬಹುದು. ಬೈಲಹೊಂಗಲದ ಲ್ಯಾಬಿಗೆ ಹುಷಾರಾಗಿ ಒಯ್ರಿ" ಎಂದಿದ್ದರು.

ಆ ಮಾತೇ ಸಪ್ನಾಳ ತಲೆ ಕೆಡಿಸಿತ್ತು. ಅವ್ವ ಸಾಗರನ ಬಳಿ ಉಳಿದಿದ್ದಳು. ಹೀಗಾಗಿ ಬೈಕಿನ ಹಿಂದೆ ಕೂತು ಚೀಲ ಹಿಡಿಯುವ ಕೆಲಸ ಇವಳ ಪಾಲಿಗೆ ಬಂತು. ಬಿಸಿಲು ಏರಿದಂತೆ ಚೀಲ ತೊಡೆಗೆ ಬೆಚ್ಚಗೆ ತಾಗತೊಡಗಿತು. ಒಳಗಿನ ಬ್ಯಾಕ್ಟೀರಿಯಾ ಎದ್ದವೇನೋ, ಮುಚ್ಚಳ ಕಿತ್ತು ಬಂದರೆ ಅಪ್ಪನಿಗೂ ಜ್ವರ ಬಂದೀತು ಎಂದು ಅವಳು ಅಂಜಿದಳು.

ಮುರಗೋಡದಲ್ಲಿ ಅಪ್ಪ ಪೆಟ್ರೋಲ್ ಹಾಕಿಸುತ್ತಿದ್ದಾಗ ಅವಳು ಪಕ್ಕದ ಕಬ್ಬಿನ ಹಾಲಿನ ಅಂಗಡಿಗೆ ಓಡಿದಳು. ಒಂದಿಷ್ಟು ಐಸ್ ಬೇಡಿ ತಂದು ಬಾಟಲಿಯ ಸುತ್ತ ತುಂಬಿದಳು. ಪೋಲಿಯೋ ಹನಿಯನ್ನೂ ಐಸಿನಲ್ಲೇ ತರುತ್ತಾರಲ್ಲ, ತಪ್ಪೇನು ಎಂದುಕೊಂಡಳು. ಲ್ಯಾಬಿನ ಬಾಗಿಲಲ್ಲಿ ಐಸ್ ಚೆಲ್ಲಿ, ಬಾಟಲಿಯನ್ನು ಫ್ರಾಕಿನಿಂದ ಒರೆಸಿಯೂ ಇಟ್ಟಿದ್ದಳು.

"ತಣ್ಣಗಾದ್ರ ಏನಾಗತೈತ್ರಿ?" ಮೆಲ್ಲಗೆ ಕೇಳಿದಳು.

"ಬ್ಯಾಕ್ಟೀರಿಯಾ ಸಾಯಬಹುದು. ನಮಗ ಅವು ಜೀವಂತ ಬೇಕವ್ವಾ. ಬೆಚ್ಚಗ ಇಟ್ಟು ಬೆಳಸಬೇಕು."

ಬೆಳೆಸುವುದಂತೆ. ಸಪ್ನಾ ಒಂದು ಹೆಜ್ಜೆ ಹಿಂದೆ ಸರಿದಳು. "ಯಾಕ್ರಿ?"

"ಕೆಲವು ಬ್ಯಾಕ್ಟೀರಿಯಾದ ಮೈಮ್ಯಾಲೆ ಒಂದು ಹೊರಗಿನ ಪೊರಿ ಇರತೈತಿ. ಅದರಾಗ ಪ್ರೋಟೀನಿನ ಸಣ್ಣ ಸಣ್ಣ ಬಾಗಿಲಾ. ಆ ಪ್ರೋಟೀನ್ ಒಳಗ ತಯಾರಾಗಿ, ದಾರಿ ತೋರಸೂ ತುದಿ ಕತ್ತರಿಸ್ಕೊಂಡು, ಪೊರಿಗೆ ಹೋಗಿ ಕುಂದರತಾವು. ಎಷ್ಟೋ ಔಷಧ ಒಳಗ ಹೋಗೂದು ಆ ಬಾಗಿಲದಿಂದನ. ಒಂದೊಂದು ಬೆರಿಕಿ ಬ್ಯಾಕ್ಟೀರಿಯಾ ಬಾಗಿಲಾನ ಕಡಿಮಿ ಮಾಡ್ಕೊಂಡು ಬಿಡತಾವು. ಆಮ್ಯಾಲೆ ಇಂಜೆಕ್ಷನ್ ಕೊಟ್ರೂ ಜ್ವರ ಇಳಿಯೂದಿಲ್ಲ."

"ಮತ್ತ?"

"ಬೆಳಸಿ, ಯಾವ ಔಷಧಕ್ಕ ಸಾಯ್ತಾವು ನೋಡ್ತೇವಿ. ಬೆಳಗಾವಿಯ ದೊಡ್ಡ ಲ್ಯಾಬಿಗೂ ಕಳಸ್ತೇವಿ. ಅಲ್ಲಿ ಅವನ್ನ ಒಡದು, ಪೊರಿ ಬ್ಯಾರೆ ತಗದು, ಬಾಗಿಲಾ ಕಡಿಮಿ ಆಗ್ಯಾವೇನು ಅಂತ ಪ್ರೋಟೀನ್ ಪರೀಕ್ಷಾ ಮಾಡ್ತಾರ."

"ಬೆಳೀಲಿಲ್ಲಂದ್ರ?"

"ಏನೂ ಸಿಗಲಿಲ್ಲ ಅಂತ ರಿಪೋರ್ಟ್ ಹೋಗತೈತಿ. ಡಾಕ್ಟರು ಅದನ್ನ ನಂಬ್ತಾರ."

ಸಪ್ನಾ ಅಪ್ಪನತ್ತ ನೋಡಿದಳು. ಹೇಳಿದರೆ ಅಪ್ಪ ಏನನ್ನುತ್ತಾನೋ. ಹೇಳದಿದ್ದರೆ ಸಾಗರನೊಳಗೆ ಬಾಗಿಲು ಮುಚ್ಚಿಕೊಂಡು ಕೂತವು ಹಾಗೇ ಕೂತಿರುತ್ತವೆ, ಡಾಕ್ಟರಿಗೆ ಗೊತ್ತೇ ಆಗುವುದಿಲ್ಲ.

"ನಾನ ಐಸಿನ್ಯಾಗ ಇಟ್ಟಿದ್ನಿ" ಎಂದಳು. "ಮುರಗೋಡದಿಂದ. ಅವು ಹೊರಗ ಬರ್ತಾವಂತ ಅಂಜಿಕಿ ಆತ್ರಿ."

ಅಪ್ಪ ಬೈಯಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. "ಇನ್ನೊಮ್ಮಿ ರಕ್ತ ತಗಸಿದ್ರ ಆಗತೈತ್ರಿ ಮೇಡಂ?" ಎಂದ.

"ತಗಸೋಣ್ರಿ. ಆದ್ರ ಇಂಜೆಕ್ಷನ್ ಶುರು ಆಗೇತಿ, ಆ ರಕ್ತದಾಗ ಬ್ಯಾಕ್ಟೀರಿಯಾ ಸಿಗೂದು ಕಷ್ಟ." ಮೇಡಂ ಸಪ್ನಾಳತ್ತ ತಿರುಗಿದರು. "ಭಾಳ ಹೊತ್ತು ಆಗಿಲ್ಲ. ಬದುಕಿರಬಹುದು, ಖಾತ್ರಿ ಹೇಳಾಕ ಆಗೂದಿಲ್ಲ. ನೀ ಹೇಳಿದ್ದು ಚಲೋ ಆತು. ಬಾಟಲಿ ತಣ್ಣಗಾಗಿತ್ತು ಅಂತ ಡಾಕ್ಟರಿಗೆ ಈಗ ಫೋನ್ ಮಾಡಿ ತಿಳಸ್ತೇನಿ. ಏನೂ ಬೆಳೀದಿದ್ರೂ ಅವರು ಮೋಸ ಹೋಗೂದಿಲ್ಲ."

ಬಾಟಲಿಯನ್ನು ಅವರು ಗಾಜಿನ ಬಾಗಿಲಿನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟರು. ಸಪ್ನಾ ಹತ್ತಿರ ಹೋಗಿ ಗಾಜಿಗೆ ಮೂಗು ತಾಗಿಸಿ ನಿಂತಳು. ಒಳಗೆ ಏನೂ ಕಾಣಲಿಲ್ಲ, ಏನೂ ಅಲುಗಲಿಲ್ಲ. ಅವಳ ಹೆದರಿಕೆ ಹೋಗಿರಲಿಲ್ಲ, ಅವು ಸತ್ತೇ ಹೋಗಿದ್ದರೆ ಎಂದು ಇನ್ನೂ ಹೆಚ್ಚಾಗಿತ್ತು.

"ನಡಿಯವಾ, ಅಲ್ಲಿ ಅವ್ವ ಒಬ್ಬಾಕಿನ ಅದಾಳ" ಎಂದು ಅಪ್ಪ ಹೆಗಲ ಮೇಲೆ ಕೈಯಿಟ್ಟ.

"ಬಂದೆ ಅಪ್ಪಾ."

ಯಾರಿಗೂ ಕೇಳದ ಹಾಗೆ, ಸಾಗರನನ್ನು ಹಾಸಿಗೆ ಹಿಡಿಸಿದ ಆ ಕಾಣದ ಬ್ಯಾಕ್ಟೀರಿಯಾಗಳಿಗೆ ಅವಳು ಕೈಮುಗಿದು ಹೇಳಿದಳು:

"ಬೆಳೀರಿ."